ತೋಟದ ಕೆಲಸದವರಿಗೆ ಲೈನ್ ಮನೆ: ಇರಲಿ / ಬೇಡ

ಪರ: ಇರಲಿ, ಆದರೆ ಮನೆಯ ಹಾಗೆ ಇರಲಿ

ಕೊಡಗಿನಲ್ಲಿ ತೋಟದ ಕೆಲಸದವರ ಮರ್ಯಾದೆಯ ಮಾತು ಬಂದರೆ ಎಲ್ಲರೂ ಮೊದಲು ಬೈಯುವುದು ಲೈನ್ ಮನೆಯನ್ನೇ, ಅಂದರೆ ಮಾಲೀಕರು ತೋಟದೊಳಗೇ ಕೆಲಸದವರಿಗೆ ಸಾಲಾಗಿ ಕಟ್ಟಿಕೊಟ್ಟ ಮನೆಗಳನ್ನು. ಬೈಯುವ ಮುಂಚೆ ಕಾಫಿ ಕುಯ್ಲಿನ ಹೊತ್ತಿನಲ್ಲಿ ಸಿದ್ದಾಪುರದ ಕಡೆ ಬೆಳಿಗ್ಗೆ ಸ್ವಲ್ಪ ನಿಂತು ನೋಡಿ. ಹೊರಗೆ ಬಾಡಿಗೆಗೆ ಇರುವ ಹೆಂಗಸರು ಬುತ್ತಿ ಹಿಡಿದು ಜೀಪಿಗೆ ಕಾಯುತ್ತಾರೆ. ಜೀಪು ಬಂದರೆ ಒಬ್ಬರ ಮೇಲೊಬ್ಬರು ಕೂರಬೇಕು. ಇಳಿದ ಮೇಲೂ ಆನೆಯ ಭಯ. ತೋಟದ ದಾರಿಯಲ್ಲಿ ಆನೆ ಎದುರಾಗಿ ಜೀವ ಬಿಟ್ಟ ಕಾರ್ಮಿಕರು ಒಬ್ಬಿಬ್ಬರಲ್ಲ.

ಲೈನಿನಲ್ಲಿ ಇರುವವರಿಗೆ ಈ ಪಾಡಿಲ್ಲ. ಬಾಡಿಗೆ ಇಲ್ಲ, ಸೌದೆ ಸಿಗುತ್ತದೆ, ಮಧ್ಯಾಹ್ನ ಹೋಗಿ ಮಗುವಿಗೆ ಉಣಿಸಿ ಬರಬಹುದು. ಕುಯ್ಲಿಗೆಂದು ಅಸ್ಸಾಮಿನಿಂದ ಬರುವವರು ಬೇರೆ ಎಲ್ಲಿ ಉಳಿಯಬೇಕು?

ಇನ್ನೊಂದು ಮಾತು. ಈ ಮನೆ ಮಾಲೀಕರು ಕೊಡುವ ದಾನ ಅಲ್ಲ. 5 ಹೆಕ್ಟೇರಿಗಿಂತ ಕಡಿಮೆ ಇಲ್ಲದ, 15 ಜನರಾದರೂ ದುಡಿಯುವ ತೋಟಗಳಲ್ಲಿ ವಸತಿ ಕೊಡುವುದು ಮಾಲೀಕರ ಹೊಣೆ ಎಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಲೈನ್ ಮನೆಯೇ ಬೇಡ ಎಂದರೆ ಆ ಹೊಣೆಯನ್ನೂ ಬಿಟ್ಟುಕೊಟ್ಟ ಹಾಗೆ ಅಲ್ವಾ? ಸೋರುವ ಸೂರು ರಿಪೇರಿ ಆಗಲಿ. ಮನೆಗೊಂದು ಕಕ್ಕಸು, ನಲ್ಲಿ, ಕರೆಂಟು ಬರಲಿ. ಕೇಳಬೇಕಾದ್ದು ಇದನ್ನು.

ವಿರೋಧ: ಮನೆ ಬೇರೆ, ಕೆಲಸ ಬೇರೆ ಇರಲಿ

ನಲ್ಲಿ, ಕಕ್ಕಸು ಎಲ್ಲ ಸರಿ. ಆದರೆ ಕೆಲಸ ಹೋದ ದಿನ ಮನೆಯೂ ಹೋಗುತ್ತದಲ್ಲ, ಅದಕ್ಕೇನು ಮಾಡುವುದು?

ಸಂಜೆ ತೂಕದ ಹೊತ್ತು ನೋಡಿ. ದಿನವಿಡೀ ಕುಯ್ದ ಹಣ್ಣಿನ ಮೂಟೆಯನ್ನು ತಕ್ಕಡಿಗೆ ಏರಿಸುತ್ತಾರೆ. ಕೂಲಿ ಕೆಜಿ ಲೆಕ್ಕದಲ್ಲಿ. 'ಎಲೆ ಜಾಸ್ತಿ, ಕಾಯಿ ಜಾಸ್ತಿ' ಎಂದು ತೋಟದ ಲೆಕ್ಕ ಬರೆಯುವ ರೈಟರ್ ಒಂದೆರಡು ಕೆಜಿ ಮುರಿದು ಬರೆದುಕೊಂಡರೆ, ಹೊರಗಿನಿಂದ ಬಂದವಳು ಜಗಳ ಮಾಡಿ ನಾಳೆ ಬೇರೆ ತೋಟಕ್ಕೆ ಹೋಗುತ್ತಾಳೆ. ಲೈನಿನವಳು ಸುಮ್ನೆ ಚೀಲ ಮಡಚಿಕೊಂಡು ಹೋಗುತ್ತಾಳೆ. ಅವಳ ಪಾತ್ರೆ, ಮಕ್ಕಳು, ಅತ್ತೆ ಎಲ್ಲ ಆ ತೋಟದ ಗೇಟಿನ ಒಳಗಿದ್ದಾರೆ. ನೆಂಟರು ಬಂದರೂ ರೈಟರಿಗೆ ಹೇಳಬೇಕಾದ ಕಡೆ ಮರ್ಯಾದೆ ಎಲ್ಲಿಂದ ಬರಬೇಕು? ಇದರ ಮೇಲೆ ಮುಂಗಡದ ಸಾಲವೂ ಇದ್ದರೆ ಮುಗಿಯಿತು. ಜೀತ ನಿಷೇಧದ ಕಾನೂನು 1976ರಲ್ಲೇ ಬಂದಿದೆ, ಆದರೆ ಸಾಲ ಮತ್ತು ಸೂರು ಎರಡೂ ಒಬ್ಬರ ಕೈಯಲ್ಲೇ ಇದ್ದರೆ ಬಾಯಿ ತೆರೆಯಲು ಧೈರ್ಯ ಬರುವುದಿಲ್ಲ.

ಪಣಿಯೆರವರು, ಜೇನುಕುರುಬರಂಥ ಆದಿವಾಸಿಗಳು ಎಷ್ಟೋ ತಲೆಮಾರು ಹೀಗೇ ಬದುಕಿದರು. ಲೈನ್ ಬಿಟ್ಟು ಬಂದ ಇಂಥ ಕುಟುಂಬಗಳು ಕೊಡಗಿನ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡಿದ್ದವು. 2016ರ ಡಿಸೆಂಬರಿನಲ್ಲಿ ಅರಣ್ಯ ಇಲಾಖೆ ಅವನ್ನು ಕಿತ್ತುಹಾಕಿತು. ಆ ಚಳಿಯಲ್ಲೂ ಜನ ವಾಪಸ್ ಲೈನಿಗೆ ಹೋಗುವುದಿಲ್ಲ ಎಂದು ಕೂತರು. ಅವರಿಗಿಂತ ಚೆನ್ನಾಗಿ ಈ ವಿಷಯ ಯಾರಿಗೆ ಗೊತ್ತು? ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಸಿಕ್ಕಿತು. ಆದರೆ ದುಡಿಯುತ್ತಿದ್ದ ತೋಟಗಳು ದೂರವಾದವು. ಹಾಗಾಗಿ ನಿವೇಶನ ತೋಟಗಳ ಹತ್ತಿರದ ಊರಿನಲ್ಲೇ ಆಗಬೇಕು. ಆನೆಯ ಭಯ ನಿಜ. ಅದಕ್ಕೆ ಮಾಲೀಕರೇ ಸರಿಯಾದ ವಾಹನ ಕಳಿಸಲಿ, ಬೆಳಕು ಹರಿದ ಮೇಲೆ ಕೆಲಸ ಶುರುವಾಗಲಿ.

ಕೈಲಾಗದೆ ಕೂತ ಮುದುಕಿ, ಮಗ ಕೆಲಸ ಬಿಟ್ಟ ಎನ್ನುವ ಕಾರಣಕ್ಕೆ ರೂಮು ಖಾಲಿ ಮಾಡುವ ಹಾಗೆ ಆಗಬಾರದು. ಹಕ್ಕುಪತ್ರ ಮನೆಯ ಹೆಂಗಸಿನ ಹೆಸರಿಗೆ ಬರಲಿ. ಅದು ಕೈಗೆ ಸಿಗುವವರೆಗೆ ಯಾರನ್ನೂ ಲೈನಿನಿಂದ ಎಬ್ಬಿಸಬಾರದು.