ಎರಡು ತುಂಬಿದರೂ ಮಾತಿಲ್ಲ: ಅಲ್ಲಿ ಕಾಯ್ತಾರೆ, ಇಲ್ಲಿ ಬರೆದುಕೊಡಬೇಕು

‘ಗಂಡು ಮಗು, ಮಾತು ತಡ. ಅವರಪ್ಪನೂ ಮೂರು ತುಂಬಿದ ಮೇಲೇ ಬಾಯಿ ಬಿಟ್ಟಿದ್ದು.’ ಅಜ್ಜಿಯ ಈ ಸಮಾಧಾನ ಅಮೆರಿಕದ ಕನ್ನಡ ಮನೆಗಳಿಗೂ ವಾಟ್ಸಾಪಿನಲ್ಲಿ ಬಂದು ತಲುಪುತ್ತದೆ.

ಇಲ್ಲಿ ಮಕ್ಕಳ ವೈದ್ಯರ ಸಂಘದ ಸಲಹೆ ಹೀಗಿದೆ: 9, 18, 30 ತಿಂಗಳಿಗೆ ಬೆಳವಣಿಗೆಯ ಪ್ರಶ್ನಾವಳಿ; 18 ಮತ್ತು 24 ತಿಂಗಳಿಗೆ ಆಟಿಸಂ ಬಗ್ಗೆ ಬೇರೆಯೇ ಪ್ರಶ್ನೆಗಳು. ಮೂರು ವರ್ಷದೊಳಗಿನ ಮಗುವಿಗೆ ವೈದ್ಯರ ಚೀಟಿಯೂ ಬೇಕಿಲ್ಲ. ಬೆಳವಣಿಗೆ ತಡವಾದ ಪುಟ್ಟ ಮಕ್ಕಳಿಗೆ ನೆರವಾಗುವ ರಾಜ್ಯದ ಅರ್ಲಿ ಇಂಟರ್ವೆನ್ಷನ್ ಕಚೇರಿಗೆ ಹೆತ್ತವರೇ ಫೋನ್ ಮಾಡಬಹುದು. ಅಲ್ಲಿಂದ 45 ದಿನದೊಳಗೆ ಪರೀಕ್ಷೆ ಮುಗಿದು, ಮಗು ಅರ್ಹವಾದರೆ ಯಾವ ನೆರವು ಕೊಡಬೇಕೆಂದು ಗೊತ್ತುಮಾಡುವ ಸಭೆಯೂ ಆಗಬೇಕು. ಮೂರು ದಾಟಿದರೆ ಹೊಣೆ ಸ್ಕೂಲ್ ಡಿಸ್ಟ್ರಿಕ್ಟಿನದು, ಅಂದರೆ ಊರಿನ ಸರ್ಕಾರಿ ಶಾಲೆಗಳ ಆಡಳಿತದ್ದು. ನಮ್ಮವರು ಎಡವುವುದು ಇಲ್ಲೇ. ಟೀಚರ್ ಹತ್ತಿರ ಬಾಯಲ್ಲಿ ಹೇಳಿ ಸುಮ್ಮನಾಗುತ್ತಾರೆ. ‘ವಿಶೇಷ ಶಿಕ್ಷಣಕ್ಕಾಗಿ ಪರೀಕ್ಷಿಸಿ’ ಎಂದು ಡಿಸ್ಟ್ರಿಕ್ಟಿಗೆ ತಾರೀಖು ಹಾಕಿ ಬರೆದುಕೊಟ್ಟು, ಒಂದು ಪ್ರತಿ ಇಟ್ಟುಕೊಳ್ಳಿ.

ಇನ್ನೊಂದು ಎಡವಟ್ಟು, ಮನೆಯಲ್ಲಿ ಕನ್ನಡ ನಿಲ್ಲಿಸುವುದು. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಪದ ಎಣಿಸುವಾಗ ‘ನೀರು’ ಒಂದು, ‘ಬಾಲ್’ ಒಂದು, ಒಟ್ಟು ಎರಡು. ಬರೀ ಇಂಗ್ಲಿಷಿನಲ್ಲಿ ಅಳೆದರೆ ಚೆನ್ನಾಗಿರುವ ಮಗುವೂ ಹಿಂದುಳಿದಂತೆ ಕಾಣುತ್ತದೆ. ದುಭಾಷಿ ಬೇಕೆಂದು ಮೊದಲೇ ಕೇಳಿ; ಸಾಧ್ಯವಿದ್ದಲ್ಲಿ ಮಗುವಿನ ಭಾಷೆಯಲ್ಲೇ ಪರೀಕ್ಷಿಸಬೇಕೆಂದು ಕಾನೂನೇ ಹೇಳುತ್ತದೆ.

ಕನ್ನಡದಲ್ಲೇ ಪರೀಕ್ಷಿಸಬಲ್ಲವರು ಇರುವುದಂತೂ ಊರಿನಲ್ಲಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಷ್ಟು ಹಳೆಯದು. ಬೆಂಗಳೂರಿನಲ್ಲಿ ಮನಸ್ಸು, ಮಿದುಳಿನ ಆಸ್ಪತ್ರೆ ನಿಮ್ಹಾನ್ಸ್ ಇದೆ. 2013ರಲ್ಲಿ ಶುರುವಾದ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಮಕ್ಕಳ ಬೆಳವಣಿಗೆ ಪರೀಕ್ಷಿಸುವ ಜಿಲ್ಲಾ ಮಟ್ಟದ ಕೇಂದ್ರಗಳಿವೆ. ಅಲ್ಲಿ ಕೊರತೆ ಕೇಳುವವರದು. ಲಸಿಕೆಗೆ ಹೋದರೆ ತೂಕ ನೋಡುತ್ತಾರೆ, ‘ಬೇಕಾದ್ದನ್ನು ಬೆರಳಿಟ್ಟು ತೋರಿಸುತ್ತಾ?’ ಎಂದು ಕೇಳುವುದು ಅಪರೂಪ. ಹಾಗಾಗಿ 9 ತಿಂಗಳ ಮತ್ತು 16–24 ತಿಂಗಳ ಲಸಿಕೆಯ ದಿನ ಹೆತ್ತವರೇ ಮಾತು ತೆಗೆಯಬೇಕು: ವರ್ಷ ತುಂಬಿದರೂ ಹೆಸರು ಕರೆದರೆ ತಿರುಗುವುದಿಲ್ಲ, ಒಂದೂವರೆಗೂ ಬೆರಳು ತೋರಿಸುವುದಿಲ್ಲ, ಎರಡಾದರೂ ‘ಹಾಲು ಬೇಕು’ ಥರ ಎರಡು ಪದ ಕೂಡಿಸುವುದಿಲ್ಲ. ಮನೆಯಲ್ಲಿ ಆಡುವಾಗಿನ ಒಂದೆರಡು ನಿಮಿಷದ ವಿಡಿಯೊ ಜೊತೆಗಿರಲಿ. ಆಸ್ಪತ್ರೆಯಲ್ಲಿ ಮಗು ಅಳುವುದೇ ಹೆಚ್ಚು.

ಮೊದಲ ಪರೀಕ್ಷೆ ಕಿವಿಯದು. ‘ತಟ್ಟೆ ಬಿದ್ದರೆ ತಿರುಗುತ್ತಾನಲ್ಲ’ ಎಂದು ಇದನ್ನು ಬಿಟ್ಟುಬಿಡುತ್ತಾರೆ. ಸ, ಶದಂಥ ತೆಳು ಸದ್ದು ಕೇಳಿಸದ ಮಗುವೂ ತಟ್ಟೆಯ ಸದ್ದಿಗೆ ತಿರುಗೀತು.

ಆಡುತ್ತಿದ್ದ ಮಾತೇ ನಿಂತುಹೋಗಿದ್ದರೆ ಮಾತ್ರ ಮುಂದಿನ ಲಸಿಕೆಯವರೆಗೂ ಕಾಯಬೇಡಿ, ಆ ವಾರವೇ ಹೋಗಿ.