ಹಳೆಯ ಕಂಪ್ಯೂಟರಿಗೆ ‘ಹೇಗಾದರೂ ಮಾಡಿ’ ಹೊಸ ವಿಂಡೋಸ್ ಹಾಕುವ ಮುನ್ನ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ, ಅಂದರೆ ನಿಯಮಿತ ಸುರಕ್ಷತಾ ಅಪ್‌ಡೇಟ್, ಕೊನೆಗೊಂಡಿತು. ಅಂದಿನಿಂದ, ‘ನನ್ನ ಹಳೆಯ ಕಂಪ್ಯೂಟರಿಗೆ ಹೇಗಾದರೂ ಮಾಡಿ ವಿಂಡೋಸ್ 11 ಹಾಕಿಕೊಡಿ’ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಆ ‘ಹೇಗಾದರೂ ಮಾಡಿ’ ಎಂಬ ಮಾತೇ ನನಗೆ ಆತಂಕ ತರುತ್ತದೆ.

ವಿಂಡೋಸ್ 11 ಟಿಪಿಎಂ 2.0 ಎಂಬ, ಗುಪ್ತ ಕೀಲಿಗಳನ್ನು ಕಾಪಾಡುವ ಭದ್ರತಾ ಸೌಲಭ್ಯವನ್ನು ಯಂತ್ರದಲ್ಲಿ ಕೇಳುತ್ತದೆ. ಇಂಟೆಲ್ ಪ್ರೊಸೆಸರ್ ಆದರೆ ಬಹುತೇಕ ಎಂಟನೆಯ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಆಗಿರಬೇಕು. ಈ ತಪಾಸಣೆಯನ್ನು ತಪ್ಪಿಸಿ ಇನ್‌ಸ್ಟಾಲ್ ಮಾಡುವ ದಾರಿಗಳಿವೆ, ನಿಜ. ಆದರೆ ಹಾಗೆ ಹಾಕಿದ ಯಂತ್ರಕ್ಕೆ ಮುಂದಿನ ಅಪ್‌ಡೇಟ್‌ಗಳು ಬಂದೇ ಬರುತ್ತವೆಂಬ ಖಾತರಿಯಿಲ್ಲ. 2024ರಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿ ಬಂದಾಗ, ಅದು ಕೊಡುವ ಕೆಲವು ಆದೇಶಗಳನ್ನು ನಡೆಸುವ ಶಕ್ತಿ ಪ್ರೊಸೆಸರಿಗೇ ಇಲ್ಲದ ತೀರಾ ಹಳೆಯ ಯಂತ್ರಗಳಲ್ಲಿ ಅದು ಬೂಟ್ ಕೂಡ ಆಗಲಿಲ್ಲ, ಅಂದರೆ ಶುರುವಾಗಲೇ ಇಲ್ಲ. ಸುರಕ್ಷತೆಗೆಂದು ಮಾಡಿದ ಕೆಲಸವೇ ಸುರಕ್ಷತೆಯನ್ನು ಕಳೆಯುವುದಾದರೆ ಅದನ್ನು ಮಾಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕಿಂತ ದೊಡ್ಡ ಅಪಾಯ ಹಾರ್ಡ್ ಡಿಸ್ಕಿನದು. ಅಪ್‌ಗ್ರೇಡ್ ಒಳ್ಳೆಯ ಡಿಸ್ಕನ್ನು ಕೊಲ್ಲುವುದಿಲ್ಲ. ಆದರೆ ಸವೆದು ಹೋದ ಡಿಸ್ಕಿನ ಮೇಲೆ ಗಂಟೆಗಟ್ಟಲೆ ಓದು-ಬರಹದ ಹೊರೆ ಹೇರುತ್ತದೆ. ಕೆಲವು ವರ್ಷಗಳ ಹಿಂದೆ, ಹತ್ತು ವರ್ಷ ದುಡಿದ ನನ್ನ ಡೆಸ್ಕ್‌ಟಾಪಿನಲ್ಲಿ ಅಪ್‌ಗ್ರೇಡ್ ಅರ್ಧ ದಾಟಿದ ಮೇಲೆ ಶೇಕಡಾವಾರು ಅಂಕಿ ನಿಂತೇಬಿಟ್ಟಿತು. ಕ್ಯಾಬಿನೆಟ್ಟಿಗೆ ಕಿವಿಯಿಟ್ಟರೆ ಒಳಗೆ ಒಂದೇ ಲಯದಲ್ಲಿ ಟಿಕ್, ಟಿಕ್ ಎಂಬ ಸದ್ದು. ಮೂರು ಗಂಟೆ ಕಾದೆ. ಆಮೇಲೆ ಕಪ್ಪು ತೆರೆಯ ಮೇಲೆ, ಬೂಟ್ ಮಾಡುವ ಸಾಧನವೇ ಸಿಗುತ್ತಿಲ್ಲ ಎಂಬ ಒಂದು ಸಾಲು ಬಂತು. ಅಮ್ಮನ ಕೈಬರಹದ ಪತ್ರಗಳ ಸ್ಕ್ಯಾನ್ ಪ್ರತಿಗಳು ಆ ಡಿಸ್ಕಿನಲ್ಲಿದ್ದವು. ಬೇರೆಲ್ಲಿಯೂ ಇರಲಿಲ್ಲ.

ಅಪ್‌ಗ್ರೇಡ್ ಸುಸೂತ್ರವಾಗಿ ಮುಗಿದರೂ ತೊಂದರೆ ತಡವಾಗಿ ತಲೆ ಎತ್ತಬಹುದು. ಹಳೆಯ ಸ್ಕ್ಯಾನರ್, ಪ್ರಿಂಟರ್‌ಗಳನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ವಿಂಡೋಸ್ 11ಕ್ಕೆ ಹೊಂದದಿದ್ದರೆ ಅವು ಕೆಲಸಕ್ಕೆ ಬರುವುದಿಲ್ಲ. ಹಳೆಯ ಆವೃತ್ತಿಗೆ ಮರಳಲು ಸಿಗುವ ಅವಧಿ ಸಾಮಾನ್ಯವಾಗಿ 10 ದಿನ. ತಿಂಗಳಿಗೊಮ್ಮೆ ಸ್ಕ್ಯಾನರ್ ಮುಟ್ಟುವವರಿಗೆ ಸಮಸ್ಯೆ ತಿಳಿಯುವಷ್ಟರಲ್ಲಿ ಆ ಬಾಗಿಲು ಮುಚ್ಚಿರುತ್ತದೆ.

ಆದ್ದರಿಂದ ಈಗ ಯಾರೇ ಕೇಳಿದರೂ, ಯಂತ್ರ ಅರ್ಹವಾಗಿಲ್ಲದಿದ್ದರೆ ಒತ್ತಾಯ ಮಾಡಬೇಡಿ, ವಿಂಡೋಸ್ ಬದಲು ಬಳಸಬಹುದಾದ ಉಚಿತ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್‌ನ ಹಗುರವಾದ ಆವೃತ್ತಿಯೊಂದನ್ನು ಪ್ರಯತ್ನಿಸಿ ಎನ್ನುತ್ತೇನೆ. ಅರ್ಹವಾಗಿದ್ದರೂ ಮೊದಲು ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಸುತ್ತೇನೆ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ ಬಿಟ್‌ಲಾಕರ್ ಚಾಲೂ ಇದ್ದರೆ, ಆ ಬೀಗ ತೆರೆಯುವ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆಸುತ್ತೇನೆ. ನಕಲು ಮಾಡಿದ ಡಿಸ್ಕನ್ನು ಮತ್ತೊಂದು ಕಂಪ್ಯೂಟರಿಗೆ ಜೋಡಿಸಿ, ನಾಲ್ಕಾರು ಫೋಟೊಗಳನ್ನೂ ಪತ್ರಗಳನ್ನೂ ಅವರ ಕಣ್ಣೆದುರೇ ತೆರೆದು ನೋಡುವವರೆಗೆ ಅಪ್‌ಗ್ರೇಡ್ ಗುಂಡಿಯನ್ನು ಒತ್ತುವುದಿಲ್ಲ.