ಕೂರೋಕೂ ದುಡ್ಡು ಕೊಡಬೇಕಾ ಸ್ವಾಮಿ?

ಬೆಂಗಳೂರಿನ ಚರ್ಚ್ ಸ್ಟ್ರೀಟ್, ಲ್ಯಾವೆಲ್ ರಸ್ತೆ, ವಿಠ್ಠಲ ಮಲ್ಯ ರಸ್ತೆ ಕಡೆ ವಯಸ್ಸಾದವರನ್ನು ಕರೆದುಕೊಂಡು ಹೋಗೋ ಆಸೆ ಇದ್ದರೆ ಮನೆಯಿಂದಲೇ ಒಂದು ಮಡಚೋ ಕುರ್ಚಿ ತಗೊಂಡು ಹೋಗಿ. ತಮಾಷೆಗೆ ಹೇಳ್ತಿಲ್ಲ.

ದಾವಣಗೆರೆಯಿಂದ ಅಮ್ಮ ಬಂದಿದ್ದಳು. ದೊಡ್ಡ ದೊಡ್ಡ ಅಂಗಡಿ ನೋಡಬೇಕು ಅಂದಳು, ಕೊಳ್ಳೋಕಲ್ಲ, ಸುಮ್ನೆ ನೋಡೋಕೆ. ಎಂ.ಜಿ. ರೋಡ್ ಮೆಟ್ರೊದಲ್ಲಿ ಇಳಿದು ಹೊರಟೆವು. ಚರ್ಚ್ ಸ್ಟ್ರೀಟಿನ ಕಲ್ಲುಹಾಸು ಚೆನ್ನಾಗಿದೆ, ಸೇಂಟ್ ಮಾರ್ಕ್ಸ್ ರಸ್ತೆಯ ಫುಟ್‌ಪಾತಂತೂ ನಮ್ಮೂರಿನ ಅಡ್ಡರಸ್ತೆಗಿಂತ ಅಗಲ, ಒಪ್ಪಿಕೊಳ್ತೀನಿ. ಆದರೆ ಮಂಡಿ ನೋವಿನವಳು ಎಷ್ಟು ದೂರ ನಡೆದಾಳು? ವಿಠ್ಠಲ ಮಲ್ಯ ರಸ್ತೆವರೆಗೂ ನಮ್ಮ ಕಣ್ಣಿಗೆ ಒಂದು ಬೆಂಚೂ ಬೀಳಲಿಲ್ಲ. ಕಬ್ಬನ್ ಪಾರ್ಕ್ ಪಕ್ಕದಲ್ಲೇ ಇದೆಯಲ್ಲ ಅಂತೀರಾ? ಕಸ್ತೂರ್ಬಾ ರಸ್ತೆಯ ಟ್ರಾಫಿಕ್ಕಲ್ಲಿ ಮಂಡಿ ನೋವಿನವರನ್ನು ಒಮ್ಮೆ ದಾಟಿಸಿ ನೋಡಿ, ಆಮೇಲೆ ಮಾತಾಡೋಣ.

ಕೊನೆಗೆ ಒಂದು ಅಂಗಡಿ ಮುಂದೆ ಹೂಕುಂಡದ ಕಟ್ಟೆ ಮೇಲೆ ಕೂತಳು. ಗಾರ್ಡ್ ಓಡಿ ಬಂದ. ಇಲ್ಲಿ ಕೂರಬಾರದಂತೆ, ಗಾಜಿಗೆ ಅಡ್ಡ ಆಗುತ್ತಂತೆ! ಪಾಪ, ಅವನನ್ನು ಬೈದು ಏನು ಪ್ರಯೋಜನ, ಅವನಿಗೇ ಅಲ್ಲಿ ಒಂದು ಸ್ಟೂಲ್ ಇಲ್ಲ. ಒಳಗೆ ಹೋದರೆ ಸೇಲ್ಸ್ ಹುಡುಗಿಯರೂ ನಿಂತೇ ಇದ್ದಾರೆ. ಕೇರಳದವರು 2018ರಲ್ಲಿ, ತಮಿಳುನಾಡಿನವರು 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರೋಕೆ ಸೀಟು ಕೊಡಲೇಬೇಕು ಅಂತ ಕಾನೂನು ಮಾಡಿದ್ದಾರೆ. ನಮ್ಮಲ್ಲಿ ಲಕ್ಷ ರೂಪಾಯಿ ಬ್ಯಾಗಿಗೆ ಮೆತ್ತನೆ ದಿಂಬು, ಲೈಟು, ಏಸಿ. ಮನುಷ್ಯರು ಮಾತ್ರ ನಿಂತಿರಬೇಕು. ಇದೇ ಊರಿನ ಚಿಕ್ಕಪೇಟೆಗೆ ಹೋಗಿ, ಸೀರೆ ಅಂಗಡಿಯವರು ಮೊದಲು ಹಾಸಿಗೆ ಮೇಲೆ ಕೂರಿಸಿ ನೀರು ಕೊಡ್ತಾರೆ, ಬಜೆಟ್ ಎಷ್ಟು ಅಂತ ಕೇಳೋದು ಆಮೇಲೆ.

ಇನ್ನೇನು ಮಾಡೋದು, ಕೂರೋಕೆ ಅಂತಲೇ ಒಂದು ಕೆಫೆಗೆ ನುಗ್ಗಿದೆವು. ಟಾಯ್ಲೆಟ್ಟೂ ಬೇಕಿತ್ತು, ಅದೂ ಗಿರಾಕಿಗಳಿಗೆ ಮಾತ್ರ ಅಂತ ಬೋರ್ಡು. ಕಾಫಿ ಒಂದಕ್ಕೆ 280 ರೂಪಾಯಿ, ರುಚಿಯ ಬಗ್ಗೆ ಅಮ್ಮ ಹೇಳಿದ್ದನ್ನು ಇಲ್ಲಿ ಬರೆಯೋ ಹಾಗಿಲ್ಲ. ಅದನ್ನೂ ಸಹಿಸಿಕೊಂಡೆ. ಬಿಲ್ ನೋಡಿದರೆ ಮೇಲೆ 10% ಸರ್ವಿಸ್ ಚಾರ್ಜ್! ಕೌಂಟರಿಂದ ಕಾಫಿ ಎತ್ತಿಕೊಂಡು ಬಂದಿದ್ದು ನಾನು, ಸರ್ವಿಸ್ ಮಾಡಿದ್ದು ಯಾರು? ಹೀಗೆ ತಾವಾಗೇ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟೂ ಅದನ್ನು ಎತ್ತಿ ಹಿಡಿದಿದೆ. ಇಷ್ಟು ಹೇಳಿದ್ದೇ ತಡ, ಮ್ಯಾನೇಜರ್ ನಗುತ್ತಾ "ಅದು ಆಪ್ಷನಲ್" ಅಂತ ತೆಗೆದು ಹಾಕಿದ. ಆಪ್ಷನಲ್ ಅಂದ್ರೆ ಮೊದಲು ಕೇಳಬೇಕು, ಅಲ್ವಾ? ಜಗಳ ಆಡದೆ ಸುಮ್ನೆ ಕಟ್ಟಿ ಹೋದವರ ದುಡ್ಡನ್ನು ಯಾರು ವಾಪಸ್ ಕೊಡ್ತಾರೆ?